ಎಡಗಡೆ ಕಿಟಕಿಯ ಮೋಟಾರು

ಅಂಗಡಿಯಲ್ಲಿ ಯಾವ ವಸ್ತು ಕೊಟ್ಟರೂ ಅದನ್ನು ಮಗುಚಿ ಹಿಂಬದಿ ನೋಡದೆ ಕೊಳ್ಳುವುದಿಲ್ಲ, ಇದು ನನ್ನ ಹಳೆಯ ಚಾಳಿ. ಸೋಪು, ಬಾಣಲೆ, ಟಾರ್ಚು, ಕ್ಯಾಲೆಂಡರು, ಎಲ್ಲಕ್ಕೂ ಒಂದೇ ಉಪಚಾರ. ಕ್ಯಾಲೆಂಡರಿನ ಹಿಂದೆ ಏನಿರುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಏನೂ ಇರುವುದಿಲ್ಲ. ಇಲ್ಲವೆಂದು ಕಣ್ಣಾರೆ ಕಂಡ ಮೇಲೇ ನನಗೆ ಸಮಾಧಾನ. ಮೊನ್ನೆ ಗೋಣಿಕೊಪ್ಪಲಿನಲ್ಲಿ ಚಪ್ಪಲಿ ಕೊಳ್ಳುವಾಗ ಎಡಗಾಲಿನದನ್ನೂ ಬಲಗಾಲಿನದನ್ನೂ ಎರಡೆರಡು ಸಲ ತಿರುವಿ ನೋಡಿದೆ. ಅಂಗಡಿಯಾಕೆ, "ಜೊತೆ ಸರಿಯಾಗೇ ಇದೆ ಅಂಕಲ್" ಎಂದು ನಕ್ಕಳು. ಸರಿಯಾಗೇ ಇತ್ತು. ಆದರೆ ಎಡ ಬಲದ ವಿಷಯದಲ್ಲಿ ನನ್ನ ಮೇಲೆ ನನಗಿದ್ದ ನಂಬಿಕೆ ಹೋಗಿ ಎಷ್ಟೋ ವರ್ಷವಾಯಿತು. ಅದನ್ನು ಕಳೆದದ್ದು ಒಂದು ಮೋಟಾರು.

ಮೋಟಾರೆಂದರೆ ನೀರೆತ್ತುವುದಲ್ಲ, ಕಾರಿನ ಕಿಟಕಿ ಎತ್ತುವುದು. ಈಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಗುಂಡಿ ಒತ್ತಿದರೆ ಗಾಜು ಏಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಾನು ಹೇಳುತ್ತಿರುವುದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗದ ದಿನಗಳ ಮಾತು. ಒಂದು ಸಣ್ಣ ಸರ್ಕಾರಿ ಕಾಗದಕ್ಕೂ ಮಡಿಕೇರಿ ಸಾಲದು, ಇನ್ನು ಎಲ್ಲಿಗೋ ಹೋಗಬೇಕು ಎಂದು ಹಿರಿಯರು ಗೊಣಗುತ್ತಿದ್ದ ಕಾಲ. ಕೊಡ್ಲಿಪೇಟೆಯಿಂದ ಎರಡು ಮೈಲಿ ಆಚೆ ನಮ್ಮ ಕಾಫಿ ತೋಟ. ಪಕ್ಕದ ಎಸ್ಟೇಟಿನ ಬಿಳಿ ದೊರೆ ತನ್ನ ಊರಿಗೆ ಹೊರಟಾಗ ನಾಯಿಯನ್ನು ಜೊತೆಗೆ ಕರೆದುಕೊಂಡು ಹೋದ, ಕಾರನ್ನು ನಮ್ಮ ಅಪ್ಪಯ್ಯನಿಗೆ ಕೊಟ್ಟು ಹೋದ. ಅಮೆರಿಕದಲ್ಲಿ ಹುಟ್ಟಿದ ಆ ಗಾಡಿಗೆ ನಾಲ್ಕು ಕಿಟಕಿ, ನಾಲ್ಕಕ್ಕೂ ಒಂದೊಂದು ಮೋಟಾರು. ಸ್ಟೀರಿಂಗಿನ ಹತ್ತಿರ ನಾಲ್ಕು ಗುಂಡಿ.

ಅಪ್ಪಯ್ಯ ಆ ಗುಂಡಿಗಳನ್ನು ಜನರ ಯೋಗ್ಯತೆ ನೋಡಿ ಒತ್ತುತ್ತಿದ್ದರು. ದಾರಿಹೋಕರಿಗೆ ಒಂದು ಕಿಟಕಿ ಒಂದು ಸಲ. ನೆಂಟರಿಗೆ ಎರಡು ಸಲ. ಅಮಲ್ದಾರರು ಬಂದರೆ ನಾಲ್ಕೂ ಕಿಟಕಿ ಒಟ್ಟಿಗೆ ಏರಿ ಇಳಿಯಬೇಕು. ಅವ್ವ ಮಾತ್ರ ಮೂರು ವರ್ಷವಾದರೂ ಆ ಗುಂಡಿ ಮುಟ್ಟಲಿಲ್ಲ. "ಮನುಷ್ಯರಿಗೆ ಕೈ ಇಲ್ವಾ?" ಎನ್ನುತ್ತಿದ್ದಳು. ಹಿಂದಿನ ಎಡ ಕಿಟಕಿಯ ಮೋಟಾರು ಸುಟ್ಟದ್ದೂ ಇಂಥ ಒಂದು ಪ್ರದರ್ಶನದಲ್ಲೇ. ಅಮಲ್ದಾರರ ಜೊತೆ ಅವರ ಮಾವನವರೂ ಬಂದಿದ್ದರು. ಮಾವನವರು ಇನ್ನೊಮ್ಮೆ, ಇನ್ನೊಮ್ಮೆ ಎಂದರು. ಗಾಜು ಕೆಳಗಿಳಿಯಿತು, ಬಾಗಿಲಿನೊಳಗಿಂದ ಸುಟ್ಟ ರಬ್ಬರಿನ ವಾಸನೆ ಬಂತು, ಗಾಜು ಮತ್ತೆ ಮೇಲೇಳಲಿಲ್ಲ. ಬೇಸಿಗೆಯಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಳ್ಳುವ ಕಾರಣ ಆಷಾಢದಲ್ಲಿ ಬಂತು. ನನ್ನ ಅಕ್ಕ ಗಿರಿಜೆಗೆ ಅದು ಮೂರನೆಯ ಬಸುರು. ಮೊದಲಿನ ಎರಡು ಸಲವೂ ಮಗು ಉಳಿದಿರಲಿಲ್ಲ. ಅದಕ್ಕೆ ಈ ಸಲ ಮಡಿಕೇರಿಯ ಡಾಕ್ಟರಮ್ಮ ಏಳನೆಯ ತಿಂಗಳಿಗೇ ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸಿಬಿಟ್ಟಿದ್ದರು. ಭಾವ ಅರಣ್ಯ ಇಲಾಖೆಯಲ್ಲಿದ್ದವರು, ದೂರದ ಊರಿಗೆ ವರ್ಗವಾಗಿ ಹೋಗಿದ್ದರು. ಅವ್ವ ಆಸ್ಪತ್ರೆಯ ಹತ್ತಿರವೇ ಪರಿಚಯದವರ ಮನೆಯಲ್ಲಿ ಉಳಿದಳು. ಎರಡು ತಿಂಗಳು ಕಳೆದು ಹೆಣ್ಣು ಮಗು ಹುಟ್ಟಿತು. ಬದುಕಿತು. ಸಣ್ಣ ಮಗು, ತೂಕ ಕಡಿಮೆ, ಆದರೆ ಅಳುವುದರಲ್ಲಿ ಕಡಿಮೆ ಇಲ್ಲ ಎಂದು ಅವ್ವ ಹೇಳಿ ಕಳಿಸಿದಳು. ಒಂದು ವಾರ ಅಲ್ಲೇ ಇಟ್ಟುಕೊಂಡು ಬರುವ ಗುರುವಾರ ಮನೆಗೆ ಕಳಿಸುವುದಾಗಿ ಡಾಕ್ಟರಮ್ಮ ತಿಳಿಸಿದರು. ಜೊತೆಗೆ ಒಂದು ಮಾತು ಸೇರಿಸಿದರು: ದಾರಿಯಲ್ಲಿ ಮಗುವಿಗೆ ಚಳಿಗಾಳಿ ಸೋಕಬಾರದು.

ಆ ಮಾತು ಅಪ್ಪಯ್ಯನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಮಡಿಕೇರಿಯಿಂದ ನಮ್ಮ ಮನೆಗೆ ಅರ್ಧ ದಿನದ ದಾರಿ, ದಾರಿಯುದ್ದಕ್ಕೂ ಮಳೆ, ಕಾರಿನ ಕಿಟಕಿಯಲ್ಲಿ ಗಾಜಿಲ್ಲ. ಬಸ್ಸಿಗಂತೂ ಕಿಟಕಿಯ ಜಾಗದಲ್ಲಿ ಹರಿದ ಕ್ಯಾನ್ವಾಸು. ಈ ಮಗುವೂ ಕೈತಪ್ಪಿ ಹೋದರೆ ಎಂಬ ಭಯ ಮನೆಯಲ್ಲಿ ಎಲ್ಲರಿಗೂ ಇತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳದೆ ಉಳಿದ ಭಯವೆಲ್ಲ ಆ ಕಿಟಕಿಯ ಮೇಲೆ ಹೋಗಿ ಕೂತಿತು. ನಮ್ಮ ತೋಟದ ರೈಟರ್ ಚಿಣ್ಣಪ್ಪನವರು, "ಟಾರ್ಪಾಲು ಕಟ್ಟಿದರೆ ಆಗುವುದಿಲ್ಲವೇ?" ಎಂದು ಕೇಳಿದರು.

"ನನ್ ಮೊಮ್ಮಗಳನ್ನ ಟಾರ್ಪಾಲಿನ ಹಿಂದೆ ಕೂರ್ಸ್ಕೊಂಡು ಬರಕ್ಕೆ ಅವಳೇನು ಗೊಬ್ಬರದ ಮೂಟೆನಾ?" ಎಂದರು ಅಪ್ಪಯ್ಯ. ಟಾರ್ಪಾಲಿನ ಮಾತು ಅಲ್ಲಿಗೆ ಮುಗಿಯಿತು.

ಚಿಣ್ಣಪ್ಪನವರನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ವೀರಾಜಪೇಟೆ ಕಡೆಯವರು, ಮನೆಮಾತು ಕೊಡವ ತಕ್ಕ್. ನಮ್ಮ ಜೊತೆ ಮಾತ್ರ ಶಾಲೆಯ ಪಾಠ ಒಪ್ಪಿಸುವ ಹಾಗೆ ಸ್ವಚ್ಛ ಕನ್ನಡ. ಎಸ್ಟೇಟಿನಲ್ಲಿ ರೈಟರ್ ಎಂದರೆ ಲೆಕ್ಕ ಬರೆಯುವವರು, ಆದರೆ ಇವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನು ಕೆಟ್ಟರೆ ಬಿಚ್ಚುತ್ತಿದ್ದರು, ಗಡಿಯಾರ ನಿಂತರೆ ನಡೆಸುತ್ತಿದ್ದರು. ಕಾಫಿ ಚೀಲದ ಮೇಲೆ ತೋಟದ ಗುರುತು ಬಳಿಯುವ ಅಚ್ಚಿನ ತಗಡುಗಳನ್ನು ಕೊರೆಯುತ್ತಿದ್ದವರೂ ಇವರೇ. ತಗಡಿನಲ್ಲಿ ಅಕ್ಷರದ ಆಕಾರಕ್ಕೆ ತೂತು ಕೊರೆದು, ಅದನ್ನು ಚೀಲದ ಮೇಲಿಟ್ಟು ಮಸಿ ಬಳಿದರೆ ಅಕ್ಷರ ಮೂಡುತ್ತದೆ. ನಮ್ಮ ಕಡೆ ಹುಟ್ಟಿದವರಿಗೆ ಈ ತಗಡನ್ನು ಹೇಗೆ ಹಿಡಿಯಬೇಕು ಎಂದು ಯಾರೂ ಕಲಿಸಬೇಕಾಗಿಲ್ಲ. ಅಕ್ಷರ ನೆಟ್ಟಗೆ ಓದಲು ಬರುವ ಬದಿಯೇ ಮೇಲ್ಬದಿ, ಅಷ್ಟೇ.

ಬಾಗಿಲಿನ ಒಳಹಲಗೆ ಬಿಚ್ಚಿ ನೋಡಿದ ಚಿಣ್ಣಪ್ಪನವರು, ಮೋಟಾರು ಸತ್ತಿದೆ, ಬೋಲ್ಟುಗಳು ತುಕ್ಕು ಹಿಡಿದು ಕೂತಿವೆ ಎಂದು ವರದಿ ಕೊಟ್ಟರು. ಬೋಲ್ಟು ಕತ್ತರಿಸದೆ ಹಳೆಯದನ್ನು ತೆಗೆಯಲಾಗದು, ಕತ್ತರಿಸಿದರೆ ಗಾಜಿಗೆ ಇರುವ ಹಿಡಿತವೂ ಹೋಗುತ್ತದೆ, ಹೊಸದು ಕೈಗೆ ಬಂದ ಮೇಲೆಯೇ ಕತ್ತರಿಸುವುದು ಒಳ್ಳೆಯದು. ಹೊಸದೆಂದರೆ ನಿಜವಾಗಿ ಹಳೆಯದೇ. ಅಂಥ ಗಾಡಿಗೆ ಹೊಸ ಸಾಮಾನು ಬರಬೇಕಾದರೆ ಹಡಗಿನಲ್ಲಿ ಬರಬೇಕು, ಅಷ್ಟರಲ್ಲಿ ಮಗು ಶಾಲೆಗೆ ಹೋಗುತ್ತದೆ. ಮೈಸೂರಿನ ಗುಜರಿ ಅಂಗಡಿಯಲ್ಲಿ ಮುರಿದ ದೊಡ್ಡ ಗಾಡಿಗಳ ಮೋಟಾರು ಸಿಗುತ್ತದೆ ಎಂದು ಯಾರೋ ಹೇಳಿದರು. ಹಳೆಯ ಮೋಟಾರನ್ನು ಒಯ್ಯುವಂತಿಲ್ಲವಾದ್ದರಿಂದ ಚಿಣ್ಣಪ್ಪನವರು ಅಳತೆಗೆ ಒಂದು ತಗಡು ಮಾಡಿಕೊಟ್ಟರು. ಸವೆದು ಮೂಲೆ ಸೇರಿದ್ದ ಒಂದು ಅಚ್ಚಿನ ತಗಡನ್ನು ಮೋಟಾರಿನ ಮೇಲೆ ಒತ್ತಿ ಹಿಡಿದು, ಮೂರು ಬೋಲ್ಟು ಇರುವ ಕಡೆ ಮೂರು ತೂತು ಹೊಡೆದರು. ತೂತುಗಳು ಸಮವಾಗಿರಲಿಲ್ಲ. ಎರಡು ಮೇಲೆ ಕೆಳಗೆ ನೇರಕ್ಕೆ, ಮೂರನೆಯದು ಮೇಲಿನದಕ್ಕೆ ಹತ್ತಿರವಾಗಿ ಒಂದು ಪಕ್ಕಕ್ಕೆ ಸರಿದು ನಿಂತಿತ್ತು. ಗಾಜು ಎತ್ತುವ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನೂ ಮೂಲೆಯಲ್ಲಿ ಗೀರಿದರು.

ಮೈಸೂರಿಗೆ ನಾನು ಹೋಗಬೇಕೆಂದು ತೀರ್ಮಾನವಾಯಿತು. ನಾನು ಆಗ ತಾನೇ ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲಿ ಫೇಲಾಗಿ ಮನೆಗೆ ಬಂದಿದ್ದೆ. ಮನೆಯವರ ಪ್ರಕಾರ ಫೇಲಾದರೂ ಮೂರು ವರ್ಷ ಓದಿದ್ದು ಓದಿದ್ದೇ. ಅಪ್ಪಯ್ಯನೂ ಹೊರಟರು. ಕಾರಿನಲ್ಲೇ ಹೋಗಿ ಅಲ್ಲೇ ಜೋಡಿಸಿಕೊಂಡು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಬಾಯಿ ಬಿಟ್ಕೊಂಡಿರೋ ಗಾಡೀನ ಮೈಸೂರಿನೋರು ನೋಡಾದು ಬ್ಯಾಡ" ಎಂದರು ಅಪ್ಪಯ್ಯ. ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಹರಿದ ಕ್ಯಾನ್ವಾಸಿನಿಂದ ಒಂದೇ ಸಮ ನೀರು ಸುರಿಯಿತು. ಕುಶಾಲನಗರ ದಾಟಿದ ಮೇಲೆ ಒಣಗಿದೆವು.

ಗುಜರಿ ಅಂಗಡಿಯ ಯಜಮಾನರು ಗಫಾರ್ ಸಾಹೇಬರೆಂಬ ಮುದುಕರು. ಮುರಿದ ಗಾಡಿಗಳ ಬಾಗಿಲು, ದೀಪ, ಸೀಟುಗಳ ನಡುವೆ ಸ್ಟೂಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ನಮ್ಮ ಗಾಡಿಯ ಹೆಸರು ಕೇಳಿ ಒಂದು ಗೋಣಿಚೀಲ ಎಳೆದು ಕಿಟಕಿ ಮೋಟಾರುಗಳನ್ನು ನೆಲಕ್ಕೆ ಸುರಿದರು.

"ಹಳೇ ಪೀಸು ತಂದಿಲ್ವಾ ಸಾರ್? ಹಂಗಾದ್ರೆ ಮೊದ್ಲು ಇದು ಹೇಳಿ, ಆರು ವೋಲ್ಟಾ, ಹನ್ನೆರಡಾ?"

ಈ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದೆ. ಹೊರಡುವ ಮೊದಲು ಕಾರಿನ ಬ್ಯಾಟರಿಯ ಮೇಲಿನ ಮುಚ್ಚಳ ಎಣಿಸಿದ್ದೆ. ಮೂರು ಮುಚ್ಚಳ, ಮೂರು ಕೋಶ, ಕೋಶಕ್ಕೆ ಎರಡರಂತೆ ಆರು ವೋಲ್ಟು. ಹನ್ನೆರಡರ ಮೋಟಾರನ್ನು ಆರಕ್ಕೆ ಹಾಕಿದರೆ ಗಾಜು ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಆರರದ್ದನ್ನು ಹನ್ನೆರಡಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ ಎಂದು ವಿವರಿಸಿದೆ. ಸಾಹೇಬರು ತಲೆದೂಗಿದರು. ಅಪ್ಪಯ್ಯ ನನ್ನ ಕಡೆ ನೋಡಿದ ನೋಟದಲ್ಲಿ ಮೂರು ವರ್ಷದ ಫೀಸು ವಸೂಲಾದ ತೃಪ್ತಿ ಇತ್ತು. ಆರು ವೋಲ್ಟಿನವು ನಾಲ್ಕು ಉಳಿದವು. ತಗಡಿನ ಮೇಲೆ ಗೀರಿದ ಲೆಕ್ಕ ನೋಡಿ ಹಲ್ಲು ಎಣಿಸಿದೆ, ಎರಡು ಹೊರಗೆ ಹೋದವು. ಉಳಿದ ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿದ್ದವು.

"ಒಂದು ಎಡ ಬಾಗ್ಲುದು, ಒಂದು ಬಲ ಬಾಗ್ಲುದು. ಯಾವ್ದು ಯಾವ್ದು ಅಂತ ನಂಗೂ ಗೊತ್ತಿಲ್ಲ. ಚೀಲದಲ್ಲಿ ಬಂದಿದ್ದು ಹಂಗೇ ಇದೆ. ನಿಮ್ ಅಳತೆ ಹೇಳ್ಬೇಕು" ಎಂದರು ಸಾಹೇಬರು. ನಾನು ಗತ್ತಿನಿಂದ ತಗಡು ಚಾಚಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಇದರ ಮುಖ ಯಾವ್ದು ಸಾರ್?"

ನಾನು ನಕ್ಕೆ. ಅಪ್ಪಯ್ಯನೂ ನಕ್ಕರು. ಅಚ್ಚಿನ ತಗಡಿನ ಮುಖ ಯಾವುದು ಎಂದು ಕೇಳುವ ಮನುಷ್ಯನನ್ನು ನಾವು ಅದೇ ಮೊದಲು ನೋಡಿದ್ದು. "ಅಕ್ಷರ ಕಾಣ್ತಾ ಇಲ್ವಾ ಸಾಹೇಬ್ರೆ?" ಎಂದು ತಗಡನ್ನು ಇಸಿದುಕೊಂಡು, ಅಕ್ಷರ ಓದಲು ಬರುವ ಹಾಗೆ ಹಿಡಿದು ಮೊದಲನೆಯ ಮೋಟಾರಿನ ಮೇಲಿಟ್ಟೆ. ಮೂರನೆಯ ತೂತು ಕೂಡಲಿಲ್ಲ. ಎರಡನೆಯದರ ಮೇಲಿಟ್ಟೆ. ಮೂರೂ ತೂತು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತವು. ಸಾಹೇಬರು ಬ್ಯಾಟರಿಯ ತಂತಿ ತಾಗಿಸಿದರು, ಮೋಟಾರು ಗುರ್ ಎಂದು ತಿರುಗಿತು. ಅಪ್ಪಯ್ಯ ಅದನ್ನು ಟವಲಿನಲ್ಲಿ ಸುತ್ತಿ ವಾಪಸು ಬರುವಾಗ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಕ್ಯಾನ್ವಾಸಿನ ನೀರು ಅದರ ಮೇಲೆ ಬೀಳದಂತೆ ಕೊಡೆ ಬಿಚ್ಚಿ ಹಿಡಿದಿದ್ದರು. ಬಸ್ಸಿನೊಳಗೆ ಕೊಡೆ ಹಿಡಿದು ಕೂತ ಮನುಷ್ಯನ ಪಕ್ಕ ಕೂರಲು ನನಗೆ ನಾಚಿಕೆಯಾಗಿ ಹಿಂದಿನ ಸೀಟಿಗೆ ಹೋದೆ.

ಮಂಗಳವಾರ ಬೆಳಿಗ್ಗೆ ಚಿಣ್ಣಪ್ಪನವರು ಬೋಲ್ಟು ಕತ್ತರಿಸಿ ಹಳೆಯ ಮೋಟಾರು ತೆಗೆದರು. ಹೊಸದನ್ನು ಬಾಗಿಲಿನೊಳಗೆ ಹಿಡಿದರು. ಎರಡು ತೂತು ಕೂಡಿದವು. ಮೂರನೆಯದು ಬಾಗಿಲಿನಲ್ಲಿ ಬಲಕ್ಕಿತ್ತು, ಮೋಟಾರಿನಲ್ಲಿ ಎಡಕ್ಕಿತ್ತು. ಮೋಟಾರನ್ನೇ ಮಗುಚಿ ಹಿಡಿದರೆ ತೂತು ಕೂಡುತ್ತಿತ್ತು, ಆದರೆ ಹಲ್ಲುಚಕ್ರ ಗಾಜಿನ ಕಡೆಗಿರದೆ ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಚಿಣ್ಣಪ್ಪನವರು ತಗಡು ತರಿಸಿಕೊಂಡರು.

"ಇದನ್ನು ಯಾವ ಬದಿ ಇಟ್ಟು ನೋಡಿದಿರಿ?"

"ಅಕ್ಷರ ಓದೋ ಬದಿ."

"ಆ ಬದಿಗೆ ಮಸಿ ಹಿಡಿದಿತ್ತಲ್ಲ. ಗೀರಿದ್ದು ಕಾಣುವುದಿಲ್ಲ ಎಂದು ನಾನು ಮಸಿ ಇಲ್ಲದ ಬದಿಯಲ್ಲಿ ಅಳತೆ ತೆಗೆದೆ. ಹಲ್ಲಿನ ಲೆಕ್ಕ ಬರೆದದ್ದೂ ಆ ಬದಿಯಲ್ಲೇ."

ನಿಜವೇ. ಹಲ್ಲಿನ ಲೆಕ್ಕವನ್ನು ಓದುವಾಗ ನಾನು ತಗಡನ್ನು ತಿರುಗಿಸಿ ಓದಿದ್ದೆ. ಓದಿ ಮತ್ತೆ ಜಾಗ್ರತೆಯಾಗಿ ಅಕ್ಷರದ ಬದಿಗೇ ತಿರುಗಿಸಿದ್ದೆ. ವೋಲ್ಟು ಸರಿ, ಹಲ್ಲು ಸರಿ, ತೂತು ಸರಿ, ನಾನು ತಂದದ್ದು ಬಲಗಡೆ ಬಾಗಿಲಿನ ಮೋಟಾರು. ಕಾಫಿ ಚೀಲವನ್ನು ಜನ್ಮದಲ್ಲಿ ಕಾಣದ ಗಫಾರ್ ಸಾಹೇಬರಿಗೆ ಹೊಳೆದ ಪ್ರಶ್ನೆ ಕಾಫಿಯಲ್ಲೇ ಹುಟ್ಟಿ ಬೆಳೆದ ನಮ್ಮಿಬ್ಬರಿಗೆ ಹೊಳೆಯಲಿಲ್ಲ. ಚಿಣ್ಣಪ್ಪನವರು ಕೂಡ, "ಒಂದು ಮಾತು ಹೇಳಿ ಕಳಿಸಬೇಕಿತ್ತು, ತಪ್ಪು ನನ್ನದು" ಎಂದರು. ಅಪ್ಪಯ್ಯ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಎರಡು ಕೈಯಲ್ಲಿ ತಲೆ ಹಿಡಿದುಕೊಂಡರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಇನ್ನೊಮ್ಮೆ ಮೈಸೂರಿಗೆ ಹೋಗಿ ಬಂದು ಜೋಡಿಸುವಷ್ಟರಲ್ಲಿ ಗುರುವಾರ ಕಳೆದಿರುತ್ತಿತ್ತು.

ಅವತ್ತು ಮಧ್ಯಾಹ್ನ ಮಗುವಿನ ಬಟ್ಟೆಬರೆ ಒಯ್ಯಲೆಂದು ಅವ್ವ ಮಡಿಕೇರಿಯಿಂದ ಬಂದಳು. ನಮ್ಮ ಮೂವರ ಮುಖ ನೋಡಿ ಮೊದಲು ಹೆದರಿದಳು, ವಿಷಯ ತಿಳಿದು ಸಿಟ್ಟಾದಳು. "ಗಾಜು ಮ್ಯಾಲೆ ನಿಂತ್ರೆ ಸಾಕು ತಾನೆ? ಏರಿ ಇಳಿದು ಮಾಡಕ್ಕೆ ಅದೇನು ಉಯ್ಯಾಲೆನಾ? ಕೈಯಲ್ಲಿ ಎತ್ತಿ ಒಂದು ಬೆಣೆ ಹೊಡೀರಿ" ಎಂದಳು.

ಹಳೆಯ ಮೋಟಾರು ಕಿತ್ತಿದ್ದರಿಂದ ಗಾಜು ಈಗ ಕೈಗೆ ಏಳುತ್ತಿತ್ತು. ಚಿಣ್ಣಪ್ಪನವರು ಕಾಫಿ ಗಿಡದ ಕೊಂಬೆಯಿಂದ ಎರಡು ಬೆಣೆ ಕೆತ್ತಿ, ಬಟ್ಟೆ ಸುತ್ತಿ, ಗಾಜಿಗೂ ಬಾಗಿಲಿನ ಅಂಚಿಗೂ ನಡುವೆ ಬಿಗಿಯಾಗಿ ಕೂರಿಸಿದರು. ಕಾಲು ಗಂಟೆಯ ಕೆಲಸ. ಅಪ್ಪಯ್ಯ ಹೊರಗಿನಿಂದ ಒಂದು ಬಿಂದಿಗೆ ನೀರು ಎರಚಿ ಒಳಗೆ ಕೈಯಾಡಿಸಿ ನೋಡಿದರು. ಒಂದು ಹನಿಯೂ ಇಲ್ಲ. ಉಳಿದ ಮೂರು ಕಿಟಕಿಗಳಿಗೆ ತಂತಿಯ ಭರವಸೆ, ಇದಕ್ಕೆ ಮರದ್ದು, ಆದ್ದರಿಂದ ಇದೇ ಎಲ್ಲಕ್ಕಿಂತ ಭದ್ರ, ಮಗುವಿನೊಂದಿಗೆ ಗಿರಿಜೆ ಇಲ್ಲೇ ಕೂರಬೇಕು ಎಂದು ತೀರ್ಪು ಕೊಟ್ಟರು. ಬಲಗಡೆಯ ಮೋಟಾರನ್ನು ಒರೆಸಿ ಅಟ್ಟಕ್ಕೆ ಸೇರಿಸಿದೆವು. ಆ ಗಾಡಿ ಇರುವವರೆಗೂ ಅದರ ಬಲಗಡೆಯ ಮೋಟಾರು ಒಂದು ದಿನವೂ ಕೆಡಲಿಲ್ಲ.

ಗುರುವಾರ ಮಡಿಕೇರಿಯಿಂದ ಹೊರಟೆವು. ಅಪ್ಪಯ್ಯ ಗಾಡಿ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಅವ್ವ, ಬೆಣೆಯ ಕಿಟಕಿಯ ಪಕ್ಕ ಅಕ್ಕ, ಅವಳ ಮಡಿಲಲ್ಲಿ ಶಾಲಿನೊಳಗೆ ಮಗು. ಶಾಲಿನಿಂದ ಹೊರಗೆ ಕಾಣುತ್ತಿದ್ದದ್ದು ಒಂದು ಮೂಗು ಮಾತ್ರ. ಸೋಮವಾರಪೇಟೆಯವರೆಗೆ ಮಳೆ ಗಾಡಿಯನ್ನು ನಾಲ್ಕು ಕಡೆಯಿಂದ ಬಡಿಯಿತು. ಅಪ್ಪಯ್ಯ ಎರಡು ನಿಮಿಷಕ್ಕೊಮ್ಮೆ, "ಗಾಳಿ ಬತ್ತಾ ಐತಾ?" ಎಂದು ಕೇಳುತ್ತಿದ್ದರು. "ಇಲ್ಲ" ಎಂದು ಅವ್ವ ಹೇಳುತ್ತಿದ್ದಳು. ಶನಿವಾರಸಂತೆ ದಾಟುವಾಗ ಮಳೆ ನಿಂತಿತು, ಗಾಳಿಯೂ ಬಿದ್ದುಹೋಯಿತು. ಕೊಡ್ಲಿಪೇಟೆ ಇನ್ನೊಂದು ತಿರುವಿನಾಚೆ ಇದೆ ಎನ್ನುವಾಗ ಅಕ್ಕ, "ಅಪ್ಪಯ್ಯ, ಗಾಡಿ ನಿಲ್ಸಿ" ಎಂದಳು.

ಅಪ್ಪಯ್ಯ ಬ್ರೇಕ್ ತುಳಿದ ರಭಸಕ್ಕೆ ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. "ಮಗೀಗೆ ಏನಾಯ್ತವ್ವ?"

"ಮಗು ನಿದ್ದೆ ಮಾಡ್ತಾ ಐತೆ. ಈ ಕಿಟಕಿ ತೆಗೀರಿ."

"ತೆಗೆಯಾ ಹಂಗಿಲ್ಲ ಕಣವ್ವ, ಬೆಣೆ ಹೊಡ್ದೈತೆ. ಗಾಳಿ ಸೋಕಬಾರ್ದು ಅಂತ ಡಾಕ್ಟರಮ್ಮ ಅಷ್ಟೊಂದು ಹೇಳವ್ರೆ."

"ಗಾಳಿ ಎಲ್ಲೈತೆ ಈಗ? ಚೆನ್ನಾಗಿ ಹೊದ್ಸಿವ್ನಿ." ಅಕ್ಕ ಗಾಜಿನಾಚೆ ತಿರುವಿನ ಕಡೆ ನೋಡಿದಳು. "ಹೋದ ಎರಡು ಸಲನೂ ಇದೇ ತಿರುವಿನಲ್ಲಿ ನೀವು ಗುಂಡಿ ಒತ್ತಿ ನಾಲ್ಕು ಕಿಟಕೀನೂ ಮುಚ್ಚಿದ್ರಿ. ಪೇಟೆಯೋರು ಯಾರೂ ನನ್ ಮುಖ ನೋಡಬಾರ್ದು, ಏನೂ ಕೇಳಬಾರ್ದು ಅಂತ. ನಾನು ತಲೆ ಬಗ್ಗಿಸ್ಕೊಂಡು ಬಂದೆ. ಈ ಸಲ ತೆಗೀರಿ ಅಪ್ಪಯ್ಯ. ನೋಡ್ಲಿ."

ಆ ಎರಡು ಸಲವೂ ನಾನು ಇದೇ ಮುಂದಿನ ಸೀಟಿನಲ್ಲಿದ್ದೆ. ಕಿಟಕಿ ಏರಿದ್ದನ್ನು ನೋಡಿದ್ದೆ, ಪೇಟೆಯ ಧೂಳಿಗೆ ಮುಚ್ಚುತ್ತಿದ್ದಾರೆ ಎಂದುಕೊಂಡಿದ್ದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪಯ್ಯ ಕೆಳಗಿಳಿದು ಆ ಕಡೆ ಬಂದರು. ಬೆಣೆ ಬಿಗಿಯಾಗಿತ್ತು. ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, ಮಗು ಏಳುತ್ತದೇನೋ ಎಂದು ನಿಂತು, ಮತ್ತೆ ತಟ್ಟಿದರು. ಎರಡನೆಯ ಬೆಣೆ ಹೊರಗೆ ಬಂದದ್ದೇ ಗಾಜು ದಡ್ ಎಂದು ಬಾಗಿಲಿನೊಳಗೆ ಇಳಿದುಹೋಯಿತು. ಮಗು ಎದ್ದು ಅಳತೊಡಗಿತು. ಅಪ್ಪಯ್ಯ ವಾಪಸು ಬಂದು ಕೂತು ಕಣ್ಣೊರೆಸಿಕೊಂಡರು, ಉಳಿದ ಮೂರು ಗುಂಡಿಗಳನ್ನೂ ಒತ್ತಿ ಮೂರು ಕಿಟಕಿಗಳನ್ನೂ ಇಳಿಸಿದರು.

ಕೊಡ್ಲಿಪೇಟೆಯ ಬೀದಿ ಆ ಗಾಡಿಗೆ ಎರಡು ನಿಮಿಷದ ದಾರಿ. ಅವತ್ತು ಅಪ್ಪಯ್ಯ ಎತ್ತಿನ ಗಾಡಿಗಿಂತ ನಿಧಾನ ಓಡಿಸಿದರು. ಮಗುವಿನ ಅಳು ನಮಗಿಂತ ಮುಂದೆ ಪೇಟೆ ಸೇರಿತ್ತು. ಜವಳಿ ಅಂಗಡಿಯವರು ಜಗಲಿಯಿಂದ ಇಳಿದು, "ಏನ್ ಗೌಡ್ರೆ, ಮಗಳನ್ನ ಕರ್ಕೊಂಡು ಬಂದ್ರಾ?" ಎಂದು ಕೇಳಿದರು. ಯಾರ ಹತ್ತಿರವೂ ಮನೆಯ ಮಾತು ಆಡದ ಅಪ್ಪಯ್ಯ ಬೀದಿಯ ನಡುವೆ ಗಾಡಿ ನಿಲ್ಲಿಸಿದರು.

"ಮಗಳು ಒಬ್ಬಳೇ ಅಲ್ಲ. ಬನ್ನಿ, ಈ ಕಡೆ ಬಂದು ನೋಡಿ" ಎಂದರು.

ಅಕ್ಕ ಶಾಲಿನ ಅಂಚು ಸರಿಸಿ ಮಗುವಿನ ಮುಖ ತೋರಿಸಿದಳು. ಮಗುವಿಗೆ ಶೀತವಾಗಲಿಲ್ಲ. ನನಗಾಯಿತು.